ನೋವು ಹೋಯ್ತು, ಕಾಲು ಸರಿಯಾಯ್ತಾ?

ಆಟದಲ್ಲಿ ಪೆಟ್ಟಾದ ಮಕ್ಕಳ ವಿಷಯದಲ್ಲಿ ನಮ್ಮ ಮಲೆನಾಡಿನ ಮನೆಗಳಲ್ಲಿ ಎರಡೇ ತೀರ್ಮಾನ. ಒಂದು, "ಏನೂ ಆಗಿಲ್ಲ, ಎದ್ದು ಓಡು." ಇನ್ನೊಂದು, "ಸಾಕು ಆಟ, ಇನ್ಮೇಲೆ ಓದ್ಕೋ." ಇವೆರಡರ ನಡುವೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಯಾರೂ ಮಾಡಲ್ಲ ಅನ್ನೋದೇ ನನ್ನ ತಕರಾರು.

ನಮ್ಮ ಕಡೆ ಶಾಲೆಗಳ ಮೈದಾನ ನೋಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ಜಂಬಿಟ್ಟಿಗೆ ಹರಳು, ಮಳೆಗಾಲದಲ್ಲಿ ಪಾಚಿ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಆಗಸ್ಟ್ ಆಸುಪಾಸಿಗೇ ಬರುತ್ತವೆ. ಹಾಗಾಗಿ ಖೋ ಖೋ, ಕಬಡ್ಡಿ ಪ್ರಾಕ್ಟೀಸ್ ನಡೆಯುವುದು ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗಲೇ. ಕಾಲು ಉಳುಕದೆ ಇನ್ನೇನಾಗುತ್ತೆ?

ನನ್ನ ಅಕ್ಕನ ಮಗಳು ಎಂಟನೇ ಕ್ಲಾಸಲ್ಲಿದ್ದಾಗ ಖೋ ಖೋ ಕಂಬ ಸುತ್ತುವಾಗ ಮೊಣಕಾಲು ತಿರುಚಿಕೊಂಡಳು. ಊತ ಇಳಿಯಿತು, ಕುಂಟುವುದು ನಿಂತಿತು, ವಾಸಿಯಾಯ್ತು ಅಂದರು. ಆಮೇಲೆ ಅವಳು ಮೈದಾನದ ಕಡೆ ಹೋಗಲೇ ಇಲ್ಲ. ಶಾಲೆಗೆ ಅಪ್ಪನ ಬೈಕು, ಸಂಜೆ ಟ್ಯೂಷನ್. ಮೈ ಬಂತು. "ವಯಸ್ಸಿಗೆ ಬಂದಳಲ್ಲ, ಹಾಗೇ" ಅಂದರು ಮನೆಯವರು.

ಮುಂದಿನ ವರ್ಷ ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಟೇಪ್ ಹಿಡಿದು ಅವಳ ಎರಡೂ ತೊಡೆ ಅಳೆದರು. ಪೆಟ್ಟಾದ ಕಾಲಿನದು ಸಣ್ಣ. ಕುರ್ಚಿಯಿಂದ ಒಂದೇ ಕಾಲಲ್ಲಿ ಏಳು ಅಂದರು. ಒಳ್ಳೆ ಕಾಲಲ್ಲಿ ಸಲೀಸಾಗಿ ಎದ್ದಳು. ಇನ್ನೊಂದರಲ್ಲಿ ಮೊಣಕಾಲು ನಡುಗಿ ಒಳಕ್ಕೆ ವಾಲಿತು, ಪಕ್ಕದ ಟೇಬಲ್ ಹಿಡಿದುಕೊಂಡಳು.

"ನೋವಿದೆಯಾ?"

"ಇಲ್ಲ ಮೇಡಂ."

ನೋವೇ ಇಲ್ಲ, ನೋಡಿ! ಮೊಣಕಾಲಲ್ಲಿ ನೀರು ತುಂಬಿದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಸಂದೇಶ ಕಮ್ಮಿಯಾಗುತ್ತೆ. ಸ್ನಾಯು ಸೊರಗುತ್ತೆ. ಊತ ಇಳಿದ ಮಾತ್ರಕ್ಕೆ ಅದು ತಾನಾಗಿ ಮೊದಲಿನಂತಾಗಲ್ಲ, ವ್ಯಾಯಾಮ ಮಾಡಿಸಿಯೇ ತರಬೇಕು. ಪಾದದ ಗಂಟು ಉಳುಕಿದರೂ ಅಷ್ಟೇ, ಸಮತೋಲ ತಪ್ಪದೆ ನಿಲ್ಲುವ ಶಕ್ತಿ ಕುಂದುತ್ತೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಸುಮ್ನೆ ಅಲ್ಲ.

ಕೆನಡಾದ ಕ್ಯಾಲ್ಗರಿಯಲ್ಲಿ ಸಂಶೋಧಕರು ಇದನ್ನೇ ಅಳೆದು ನೋಡಿದ್ದಾರೆ. ಆಟದಲ್ಲಿ ಮೊಣಕಾಲಿಗೆ ಪೆಟ್ಟಾಗಿ 3ರಿಂದ 10 ವರ್ಷ ಕಳೆದ ಹುಡುಗ ಹುಡುಗಿಯರನ್ನು ಪೆಟ್ಟಾಗದ ಓರಗೆಯವರ ಜೊತೆ ಹೋಲಿಸಿದರು. ಪೆಟ್ಟಾದವರ ಮೈಯಲ್ಲಿ ಕೊಬ್ಬು ಜಾಸ್ತಿ, ಕಾಲಲ್ಲಿ ಬಲ ಕಮ್ಮಿ. ಮುಂದೆ ಮಂಡಿ ಸವೆತಕ್ಕೆ ಇವೆರಡೂ ದಾರಿ. ಅಜ್ಜಿಯ ಕಾಯಿಲೆ ಅಂದುಕೊಂಡದ್ದು ಮೂವತ್ತೈದು, ನಲವತ್ತಕ್ಕೇ ಬಂದೀತು.

ಹೆಣ್ಣುಮಕ್ಕಳ ಬಗ್ಗೆ ನನಗೆ ಚಿಂತೆ ಜಾಸ್ತಿ. ದೊಡ್ಡವರಾಗುವ ಹೊತ್ತಿನಿಂದ ಕುಣಿದು ಜಿಗಿಯುವ ಆಟಗಳಲ್ಲಿ ಮೊಣಕಾಲ ಲಿಗಮೆಂಟ್ (ಎಲುಬುಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ) ಹರಿಯುವ ಅಪಾಯ ಹುಡುಗರಿಗಿಂತ ಅವರಿಗೇ ಹೆಚ್ಚು. ಆಟ ಬಿಟ್ಟರೆ ಮತ್ತೆ ಬಾ ಅಂತ ಕರೆಯುವವರೂ ಇಲ್ಲ. ಹುಡುಗನಾದರೆ ಗೆಳೆಯರು ಮನೆ ಬಾಗಿಲಿಗೇ ಬಂದು ಎಳೆದುಕೊಂಡು ಹೋಗ್ತಾರೆ, ಅಲ್ವಾ?

ಇನ್ನು ಉಳುಕು ತೆಗೆಸುವ ವಿಷಯ. ಹಲವರಿಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. ಬೆಳೆಯುವ ಮಕ್ಕಳ ಎಲುಬಿನ ತುದಿ ಹತ್ತಿರ ಇನ್ನೂ ಗಟ್ಟಿಯಾಗದ ಮೆದು ಭಾಗ ಇರುತ್ತೆ, ಎಲುಬು ಉದ್ದವಾಗುವುದು ಅಲ್ಲೇ. ನಾವು ಉಳುಕು ಅಂದುಕೊಂಡದ್ದು ಅಲ್ಲಿನ ಬಿರುಕಾಗಿರಬಹುದು. ಎಕ್ಸ್‌ರೇಗೂ ಮೊದಲೇ ಎಣ್ಣೆ ಹಚ್ಚಿ ಎಳೆದರೆ ಕಾಲು ಸೊಟ್ಟಗೆ ಬೆಳೆದೀತು. ಮೊದಲು ಡಾಕ್ಟರ್‌ಗೆ ತೋರಿಸಿ.

ಹಾಗಂತ ಆಟ ಬಿಡಿಸಿ ಅಂತ ನಾನು ಹೇಳ್ತಿಲ್ಲ. ಬಿಡಿಸಿದರೆ ಆಗುವ ನಷ್ಟವೇ ದೊಡ್ಡದು. ಫುಟ್‌ಬಾಲ್ ಆಟಗಾರರಿಗೆ ಪೆಟ್ಟಾಗುವುದು ಕಮ್ಮಿಯಾಗಲಿ ಅಂತ ಫಿಫಾ ಮಾಡಿಸಿದ 11+ ಅನ್ನುವ ವಾರ್ಮ್-ಅಪ್ ಇದೆ. ಸುಮಾರು 20 ನಿಮಿಷದ್ದು. ಓಟ, ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿದು ಮೊಣಕಾಲು ಮಡಿಸಿ ಇಳಿಯುವುದು. ಹೆಚ್ಚೆಂದರೆ ಒಂದು ಚೆಂಡು ಸಾಕು. ಖೋ ಖೋ ತಂಡಕ್ಕೂ ಅದನ್ನು ಹೊಂದಿಸಿಕೊಳ್ಳಬಹುದು. ಪಿಟಿ ಪೀರಿಯಡ್ಡು ಇದಕ್ಕೇ ಅಲ್ವಾ ಇರೋದು? (ಪರೀಕ್ಷೆ ಹತ್ತಿರ ಬಂತು ಅಂತ ಅದನ್ನು ಕಿತ್ತುಕೊಳ್ಳುವ ಗಣಿತದ ಮೇಷ್ಟ್ರುಗಳು ದಯವಿಟ್ಟು ಸಿಟ್ಟಾಗಬೇಡಿ.)

ಪಿಟಿ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ. ಟೀಮ್ ಸೆಲೆಕ್ಷನ್ ದಿನ "ಹಿಂದೆ ಯಾವ ಕಾಲಿಗೆ ಪೆಟ್ಟಾಗಿತ್ತು?" ಅಂತ ಕೇಳಿ. ಆಗಿದ್ದರೆ ಒಂಟಿ ಕಾಲಲ್ಲಿ ಜಿಗಿಸಿ ಎಷ್ಟು ದೂರ ಬಿತ್ತು ಅಳೆಯಿರಿ. ಒಳ್ಳೆ ಕಾಲು ಜಿಗಿದದ್ದರ ನೂರಕ್ಕೆ 90ರಷ್ಟಾದರೂ ಇನ್ನೊಂದು ಕಾಲು ಜಿಗಿಯಬೇಕು. ಅಷ್ಟು ಬರದಿದ್ದರೆ ಮಗುವನ್ನು ಮನೆಗೆ ಕಳಿಸಬೇಡಿ. ಈ ಸಲ ಪಾಯಿಂಟ್ಸ್ ಬರೆಯಲಿ, ಬೆಳಿಗ್ಗೆ ಸಂಜೆ ಕಾಲಿನ ವ್ಯಾಯಾಮ ಮಾಡಲಿ. ಮುಂದಿನ ವರ್ಷಕ್ಕೂ ಆಟಗಾರರು ಬೇಕಲ್ಲ.