ತೋರಿಸಿದ್ದು ಒಂದು ಹಲ್ಲು, ಕೊರೆದದ್ದು ಇನ್ನೊಂದು

"ಮೇಲ್ಗಡೆ, ಎಡಭಾಗ, ಹಿಂದಿನಿಂದ ಎರಡನೇದು" ಎಂದು ಡಾಕ್ಟರಮ್ಮನ ಮುಂದೆ ಬೆರಳಿಟ್ಟು ಸಾಕ್ಷಿ ಹೇಳಿದೆ. ಮೂರು ರಾತ್ರಿ ಆ ಹಲ್ಲಿನ ಜೊತೆ ಜಾಗರಣೆ ಮಾಡಿದವನು ನಾನು, ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅವರು ಪುಟ್ಟ ಕನ್ನಡಿಯ ಹಿಡಿಕೆಯಿಂದ ಅದಕ್ಕೆ ಟಕ್ ಟಕ್ ಎಂದು ಕುಟ್ಟಿದರು. ಏನೂ ಆಗಲಿಲ್ಲ. ಪಕ್ಕದ್ದಕ್ಕೆ ಕುಟ್ಟಿದರು. ಅದೂ ಸುಮ್ಮನಿತ್ತು. ಆಮೇಲೆ ಕೆಳಗಿನ ದವಡೆ ಹಲ್ಲಿಗೆ ಒಂದೇ ಸಲ, ಅದೂ ಮೆತ್ತಗೆ, ಕುಟ್ಟಿದರು ನೋಡಿ, ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಮೇಲಿದ್ದ ದೀಪ ಹಣೆಗೆ ಬಡಿಯಿತು.

"ಇದೇ" ಎಂದರು.

"ಅಲ್ಲ ಮೇಡಂ, ಅದು ಮೇಲಿನ..."

"ಇದೇ."

ಎಕ್ಸ್‌ರೇ ಕೂಡ ಅವರ ಪರವಾಗಿಯೇ ನಿಂತಿತು. ಕೆಳಗಿನ ಹಲ್ಲಿಗೆ ಹಿಂದೆಂದೋ ಹಾಕಿಸಿದ್ದ ಫಿಲ್ಲಿಂಗ್ ಅಡಿಯಿಂದ ಹುಳುಕು ಸದ್ದಿಲ್ಲದೆ ನರದ ಕೋಣೆಯವರೆಗೆ ಇಳಿದಿತ್ತು. ಮೇಲಿನದು ಶುದ್ಧ ನಿರಪರಾಧಿ. ಮೂರು ದಿನದಿಂದ ಅದಕ್ಕೆ ಲವಂಗದ ಎಣ್ಣೆ ಹಚ್ಚಿ, ಬೈದು, ಕಿತ್ತೇ ಬಿಸಾಕ್ತೀನಿ ಎಂದು ಬೆದರಿಕೆ ಬೇರೆ ಹಾಕಿದ್ದೆ.

ಹಲ್ಲಿನ ಒಳಗಿನ ನರಕ್ಕೆ ಕಿರುಚುವುದೊಂದೇ ಗೊತ್ತಂತೆ, ವಿಳಾಸ ಹೇಳಲು ಬರುವುದಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು ಎರಡರ ದೂರೂ ಒಂದೇ ದೊಡ್ಡ ನರದ ಮೂಲಕ ಮಿದುಳಿಗೆ ಹೋಗುವುದರಿಂದ ಮಿದುಳೂ ಗಲಿಬಿಲಿಗೊಳ್ಳುತ್ತದೆ. ಸರಿಯಾದ ವಿಳಾಸ ಗೊತ್ತಿರುವುದು ಬೇರನ್ನು ಮೂಳೆಗೆ ಕಟ್ಟಿಹಾಕಿರುವ ಅಂಗಾಂಶಕ್ಕೆ. ಸೋಂಕು ಅಲ್ಲಿಗೆ ಮುಟ್ಟಿದ ಮೇಲೆ ಕುಟ್ಟಿದರೆ ಸಾಕು, ಹಲ್ಲು ತಾನಾಗಿ ಕೈಯೆತ್ತುತ್ತದೆ.

ರಾತ್ರಿ ಮಾತ್ರ ಯಾಕೆ ಅಷ್ಟು ನೋವು ಎಂದು ಕೇಳಿದೆ. ಬೇರೆಲ್ಲಿ ಪೆಟ್ಟಾದರೂ ಊದಿಕೊಳ್ಳಲು ಜಾಗವಿರುತ್ತದೆ. ಹಲ್ಲಿನೊಳಗಿನ ತಿರುಳಿಗೆ ಸುತ್ತಲೂ ಕಲ್ಲಿನಂಥ ಗೋಡೆ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಏರುತ್ತದೆ, ಒಳಗಿನ ಇಕ್ಕಟ್ಟು ಇನ್ನೂ ಹೆಚ್ಚುತ್ತದೆ. ನಾನು ಸೋಫಾದ ಮೇಲೆ ಕೂತೇ ತೂಕಡಿಸಿದ್ದರ ಹಿಂದೆ ವಿಜ್ಞಾನವಿತ್ತು ಅನ್ನಿ. "ಹಲ್ಲು ಕಚ್ಚಿಕೊಂಡು ತಡ್ಕೊಳ್ರೀ" ಎಂದಿದ್ದಳು ಹೆಂಡತಿ. ಹಲ್ಲು ಕಚ್ಚಲಾರದವನಿಗೆ ಹೇಳುವ ಮಾತೇ ಅದು?

ನಾಲ್ಕನೇ ದಿನ ಬೆಳಿಗ್ಗೆ ನೋವು ಥಟ್ಟನೆ ಮಾಯವಾಗಿತ್ತು. ವಾಸಿಯಾಯಿತು ಎಂದು ಕುಣಿದಾಡಿ, ಡಾಕ್ಟರ ಬಳಿ ಹೋಗುವುದೇ ಬೇಡ ಎಂದು ನಿರ್ಧರಿಸಿದ್ದೆ. ಹೆಂಡತಿಯೇ ದಬ್ಬಿ ಕಳಿಸಿದ್ದು. "ವಾಸಿಯಾಗಿಲ್ಲ, ಒಳಗೆ ನರ ಸತ್ತಿದೆ" ಎಂದರು ಡಾಕ್ಟರಮ್ಮ. ಅಂದರೆ ನಾನು ಕುಣಿದಾಡಿದ್ದು ಸಾವಿನ ಮನೆಯಲ್ಲಿ.

ರೂಟ್ ಕೆನಾಲ್ ಮಾಡಲು ಇಂಜೆಕ್ಷನ್ ಚುಚ್ಚಿದರು. ಮುಖಕ್ಕೆ ಒಂದು ರಬ್ಬರ್ ಹಾಳೆ ಹೊದಿಸಿದರು, ಅದರ ತೂತಿನಿಂದ ಅಪರಾಧಿ ಹಲ್ಲೊಂದೇ ತಲೆ ಹೊರಹಾಕಿತ್ತು. ಒಳಗೆ ಎರಡು ಬೇರು, ಅವುಗಳಲ್ಲಿ ನರ ಇಳಿಯುವ ಮೂರು ಕಾಲುವೆ. ತುಟಿಗೆ ಸಣ್ಣದೊಂದು ಕೊಕ್ಕೆ ಸಿಕ್ಕಿಸಿ, ಕಾಲುವೆಯ ಉದ್ದ ಅಳೆಯುವ ಯಂತ್ರ ಶುರು ಮಾಡಿದರು. ಕಾಲುವೆ ಕೆರೆಯುವ ಸೂಜಿಯಂಥ ಫೈಲು ಬೇರಿನ ತುದಿಗೆ ಹತ್ತಿರವಾದಷ್ಟೂ ಅದು ರಿವರ್ಸ್ ತೆಗೆಯುವ ಕಾರಿನ ಹಾಗೆ ಬಡಬಡ ಪೀಪ್ ಪೀಪ್ ಎನ್ನುತ್ತದೆ. ಸಹಾಯಕಿಗೆ "ಇಪ್ಪತ್ತೈದು ಕೊಡಮ್ಮ" ಎಂದರು. ಇಪ್ಪತ್ತೈದು ಏನು? ಮಿಲಿಮೀಟರೇ? ಕಾಲ್ಬೆರಳು ಮಡಚಿಕೊಂಡೆ. 25 ಎಂದರೆ ಫೈಲಿನ ತುದಿಯ ದಪ್ಪ 0.25 ಮಿಲಿಮೀಟರ್ ಎಂದು ಆಮೇಲೆ ತಿಳಿಯಿತು. ಮಧ್ಯೆ ಮಧ್ಯೆ ಕಾಲುವೆ ತೊಳೆದ ದ್ರಾವಣದಿಂದ ಬಟ್ಟೆ ಬಿಳಿ ಮಾಡುವ ಬ್ಲೀಚಿನ ವಾಸನೆ. ವಾಸನೆ ಏನು ಬಂತು, ಅದೇ ಸೋಡಿಯಂ ಹೈಪೋಕ್ಲೋರೈಟ್. ಇಷ್ಟರ ನಡುವೆ "ನೋವಾಗ್ತಿದೆಯಾ?" ಎಂದು ಕೇಳುತ್ತಿದ್ದರು. ನಾನು "ಆಆ" ಎನ್ನುತ್ತಿದ್ದೆ. ಅದು ಹೌದೋ ಅಲ್ಲವೋ ಎಂದು ನನಗೇ ಗೊತ್ತಿರಲಿಲ್ಲ, ಅವರಿಗೆ ಮಾತ್ರ ಅರ್ಥವಾಗುತ್ತಿತ್ತು.

ವಾರ ಬಿಟ್ಟು ಹೋದಾಗ ಕಾಲುವೆಗಳಿಗೆ ಗಟ್ಟಾ ಪರ್ಚಾ ತುಂಬಿದರು. ಅದೊಂದು ಮರದ ಹಾಲಿನಿಂದ ಬರುವ, ರಬ್ಬರಿನಂಥ ವಸ್ತು. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಟೆಲಿಗ್ರಾಫ್ ತಂತಿ ಎಳೆದಾಗ ಅದಕ್ಕೆ ನೀರು ತಾಗದಂತೆ ಹೊದಿಸಿದ್ದೂ ಇದನ್ನೇ. ನನ್ನ ಹಲ್ಲಿನಲ್ಲಿ ತಂತಿಯನ್ನು ಕಿತ್ತೆಸೆದು ಹೊದಿಕೆಯನ್ನಷ್ಟೇ ತುಂಬಿದ್ದಾರೆ. ಇನ್ನು ಅಲ್ಲಿಂದ ಯಾವ ತಾರೂ ಬರುವಂತಿಲ್ಲ. ಒಳಗೆಲ್ಲ ಕೊರೆದ ಹಲ್ಲು ಒಡೆದುಹೋಗದಿರಲಿ ಎಂದು ಮುಂದಿನ ವಾರ ಕ್ಯಾಪ್.

ಅವತ್ತೂ ಕೆಳತುಟಿಯ ಅರ್ಧ ಜೋಮು ಹಿಡಿದಿತ್ತು. ಬಾಯಿ ಮುಕ್ಕಳಿಸಿದ ನೀರು ನೇರ ಅಂಗಿಯ ಜೇಬಿಗೆ ಇಳಿಯಿತು. ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನು.

"ಮುಗೀತೇನ್ರೀ?"

"ಉಗೀತು" ಎಂದೆ. ತುಟಿ ಸೇರದೆ 'ಮ' ಎಲ್ಲಿಂದ ಬರಬೇಕು?

"ಯಾರು ಉಗಿದಿದ್ದು? ಡಾಕ್ಟ್ರಾ?"

"ಅಲ್ಲ ಕಣೇ, ಉಗೀತು!"

ಆ ಕಡೆ ಒಂದು ಕ್ಷಣ ಮೌನ. "ಸರಿಯಾಗೇ ಉಗಿದಿರ್ತಾರೆ ಬಿಡಿ. ನಾನು ಹೇಳಿದ್ರೆ ಎಲ್ಲಿ ಕೇಳ್ತೀರ?"