ಕಡೂರು ಜಿಲ್ಲೆ ಯಂತ್ರಕ್ಕೆ ತಿಳಿದಿದೆಯೇ?

ಹಳೆಯ ದಾಖಲೆಗಳನ್ನು ಓದಿ, ವಿಂಗಡಿಸಿ, ಪಟ್ಟಿ ಮಾಡುವ ಕೆಲಸವನ್ನೆಲ್ಲ ಕೃತಕ ಬುದ್ಧಿಮತ್ತೆ ವಹಿಸಿಕೊಂಡ ಮೇಲೆ ಪತ್ರಾಗಾರದ ಸಿಬ್ಬಂದಿಗೆ ಮೇಲ್ವಿಚಾರಣೆಯಷ್ಟೇ ಉಳಿಯುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು ಒಪ್ಪುವುದು ಕಷ್ಟ. ನಮ್ಮ ಚಿಕ್ಕಮಗಳೂರನ್ನೇ ನೋಡಿ: ಮೈಸೂರು ಸಂಸ್ಥಾನದ ಕಾಗದಪತ್ರಗಳಲ್ಲಿ ಇದು ಕಡೂರು ಜಿಲ್ಲೆ, ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೇ ಸಂಪುಟವೂ ಆ ಹೆಸರಿನಲ್ಲೇ ಇದೆ. ಇಂದು ಕಡೂರು ಒಂದು ತಾಲ್ಲೂಕು ಮಾತ್ರ. ಶೃಂಗೇರಿಗೋ ಕೊಪ್ಪಕ್ಕೋ ಸೇರಿದ ಕಾಗದವನ್ನು ಯಂತ್ರವು ‘ಕಡೂರು’ ಎಂಬ ಪದ ಕಂಡೊಡನೆ ಆ ತಾಲ್ಲೂಕಿನ ಪಟ್ಟಿಗೆ ಸೇರಿಸಿದರೆ, ಅದು ಕಪಾಟಿನಲ್ಲಿದ್ದರೂ ಹುಡುಕುವವರ ಪಾಲಿಗೆ ಕಳೆದುಹೋದಂತೆಯೇ. ಮುದ್ರಿತ ಪುಟಗಳ ಮಟ್ಟಿಗೆ ಯಂತ್ರ ಉಪಕಾರಿ, ಅಲ್ಲಗಳೆಯುವುದಿಲ್ಲ. ಆದರೆ ಶಾನುಭೋಗರ ಮೋಡಿ ಬರಹವನ್ನು (ಅಕ್ಷರಗಳನ್ನು ಕೂಡಿಸಿ ವೇಗವಾಗಿ ಬರೆಯುತ್ತಿದ್ದ ಹಳೆಯ ಕೈಬರಹ) ಅದಕ್ಕೆ ಕಲಿಸಬೇಕಾದರೂ ಮೊದಲು ಓದಿ ಕೊಡಬಲ್ಲವರು ಬೇಕು. ಅಂಥವರನ್ನು ತಯಾರು ಮಾಡುವ ವಿಚಾರ ಲೇಖನದಲ್ಲಿ ಎಲ್ಲಿಯೂ ಬರಲಿಲ್ಲ.