ಅಮೆರಿಕದ ದಾಖಲೆಯಿಲ್ಲದ ವಲಸಿಗರಿಗೆ ಕಾನೂನು ಮಾನ್ಯತೆ ಕೊಡಬೇಕೇ? ಪರ–ವಿರೋಧ

ಪರ: ತಾರೀಖು ಮುಂದಕ್ಕೆ ಹಾಕಿದರೆ ಸಾಕು

ಅಮೆರಿಕದಲ್ಲಿ ದಾಖಲೆಯಿಲ್ಲದೆ ಬದುಕುತ್ತಿರುವವರು ಒಂದು ಕೋಟಿಗೂ ಜಾಸ್ತಿ. ಎಲ್ಲರೂ ಕದ್ದು ಗಡಿ ದಾಟಿದವರಲ್ಲ. ವೀಸಾ ಹಿಡಿದು ವಿಮಾನದಲ್ಲೇ ಬಂದು, ಅವಧಿ ಮುಗಿದ ಮೇಲೂ ಉಳಿದವರು ಬೇಕಾದಷ್ಟಿದ್ದಾರೆ. ಅವರಲ್ಲಿ ಭಾರತೀಯರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ಗಡೀಪಾರಾದ ಭಾರತೀಯರನ್ನು ಹೊತ್ತ ಅಮೆರಿಕದ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿಯುವವರೆಗೆ ನಮ್ಮಲ್ಲಿ ಅನೇಕರಿಗೆ ಅದರ ಗಮನವೇ ಇರಲಿಲ್ಲ.

"ಕಾನೂನು ಪ್ರಕಾರ ಬರಲಿ, ಯಾರು ಬೇಡ ಅಂದರು?" ಎಂದು ಕೇಳುವುದು ಸುಲಭ. ಹಣ್ಣು ಕೀಳುವವನು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು ಯಾವ ಸಾಲಿನಲ್ಲಿ ನಿಲ್ಲಬೇಕು? ಓದು, ತರಬೇತಿ ಬೇಡದ ಕೆಲಸಗಳಿಗೆ ಸಿಗುವ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ವರ್ಷಕ್ಕೆ 10,000 ದಾಟುವಂತಿಲ್ಲ. ಅದರಲ್ಲೇ ಹೆಂಡತಿ ಮಕ್ಕಳ ಲೆಕ್ಕವೂ ಸೇರಬೇಕು. ಅತ್ತ ಹೊಲದ ಕೂಲಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ದಾಖಲೆಯಿಲ್ಲದವರು ಎಂದು ಸರ್ಕಾರದ ಸಮೀಕ್ಷೆಯೇ ಹೇಳುತ್ತದೆ. ಅವರು ಕೊಯ್ದ ಬೆಳೆ ಎಲ್ಲರಿಗೂ ಬೇಕು.

ಅವರ ಭಯದಿಂದ ಲಾಭ ಯಾರಿಗೆ? ಕ್ಯಾಲಿಫೋರ್ನಿಯಾದ ಪ್ಲಾಸ್ಟಿಕ್ ಕಾರ್ಖಾನೆಯೊಂದು 1989ರಲ್ಲಿ, ಯೂನಿಯನ್ ಕಟ್ಟಲು ಓಡಾಡಿದ ಕೆಲಸಗಾರರನ್ನು ಕೆಲಸದಿಂದ ತೆಗೆಯಿತು. ಅದು ಕಾನೂನಿಗೆ ವಿರುದ್ಧ ಎಂದು ಕಾರ್ಮಿಕ ಮಂಡಳಿ ಹೇಳಿತು. ಆದರೆ ಅವರಲ್ಲಿ ಒಬ್ಬನಿಗೆ ದಾಖಲೆ ಇರಲಿಲ್ಲ. ಅವನಿಗೆ ಬಾಕಿ ಸಂಬಳ ಕೊಡಿಸುವಂತಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಪು ಕೊಟ್ಟಿತು. ಅಂದರೆ ತಪ್ಪು ಮಾಡಿದ ಮಾಲೀಕನಿಗೆ ದುಡ್ಡು ಉಳಿಯಿತು! ಹೀಗಿದ್ದರೆ ಯಾವ ಮಾಲೀಕ ತಾನೇ ದಾಖಲೆ ಇರುವವರನ್ನು ಹುಡುಕಿಕೊಂಡು ಹೋಗುತ್ತಾನೆ? ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ ಅಮೆರಿಕನ್ನನ ಕೂಲಿಯೂ ಇದರಿಂದಲೇ ಇಳಿಯುತ್ತದೆ. ಅಲ್ಲಿನ ದೊಡ್ಡ ಕಾರ್ಮಿಕ ಒಕ್ಕೂಟ ಎಎಫ್ಎಲ್-ಸಿಐಒ ಮೊದಲು ಬಿಗಿ ಕಾನೂನಿನ ಪರವಾಗಿತ್ತು. 2000ದಲ್ಲಿ ಅದು ನಿಲುವು ಬದಲಿಸಿ, ಇವರಿಗೆ ಮಾನ್ಯತೆ ಕೊಡಿ ಎಂದು ಕೇಳಿತು. ಸುಮ್ನೆ ಕರುಣೆಯಿಂದ ಬಂದ ಮಾತಲ್ಲ ಅದು.

"ಊರಿಗೆ ಹೋಗಿ ಸರಿಯಾದ ದಾರಿಯಲ್ಲಿ ವಾಪಸ್ ಬರಲಿ" ಎನ್ನುವವರು 1996ರ ಕಾನೂನು ಓದಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ದಾಖಲೆಯಿಲ್ಲದೆ ಇದ್ದವರು ದೇಶ ಬಿಟ್ಟರೆ ಹತ್ತು ವರ್ಷ ಒಳಗೆ ಬರುವಂತಿಲ್ಲ. ಹೊರಗೆ ಹೋಗಿ ಸರಿಪಡಿಸಿಕೊಳ್ಳಲು ಹೊರಟವರಿಗೇ ಶಿಕ್ಷೆ.

ಇದಕ್ಕೆ ಹೊಸದೇನೂ ಕಂಡುಹಿಡಿಯಬೇಕಿಲ್ಲ. 1929ರಿಂದಲೂ ಅಮೆರಿಕದ ಕಾನೂನಿನಲ್ಲಿ 'ರಿಜಿಸ್ಟ್ರಿ' ಎಂಬ ಏರ್ಪಾಡಿದೆ. ಇಂಥ ತಾರೀಖಿಗೆ ಮೊದಲು ಬಂದು ಇಲ್ಲೇ ಬದುಕಿದ್ದು, ನಡತೆ ಚೆನ್ನಾಗಿದ್ದರೆ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮೊದಲು ಆ ಗಡುವು 1921 ಇತ್ತು. ಆಮೇಲೆ 1924, 1940, 1948 ಎಂದು ಮುಂದಕ್ಕೆ ಹೋಯಿತು. 1986ರಲ್ಲಿ ಅದನ್ನು 1972ರ ಜನವರಿ 1ಕ್ಕೆ ತಂದರು. ಅಲ್ಲಿಗೇ ನಿಂತಿದೆ. ಆಗ ಕೈಗೂಸಾಗಿ ಬಂದವರಿಗೂ ಈಗ ಐವತ್ತು ದಾಟಿದೆ. ಆ ಒಂದು ತಾರೀಖು ಬದಲಾದರೆ ದಶಕಗಳಿಂದ ದುಡಿಯುತ್ತಿರುವ ಲಕ್ಷಾಂತರ ಜನ ಹೆಸರು ಹೇಳಿ, ಬೆರಳಚ್ಚು ಕೊಟ್ಟು ಮುಂದೆ ಬರಬಹುದು. ಅವರು ಯಾರು, ಎಲ್ಲಿದ್ದಾರೆ ಎಂದು ಸರ್ಕಾರಕ್ಕೂ ಗೊತ್ತಾಗುತ್ತದೆ. ತೆರಿಗೆಯಂತೂ ಈಗಲೇ ಕಟ್ಟುತ್ತಿದ್ದಾರೆ. ಎಷ್ಟೋ ಜನರ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯ ದುಡ್ಡೂ ಕಟ್ ಆಗುತ್ತದೆ. ಈಗಿರುವ ಸ್ಥಿತಿಯಲ್ಲಿ ಆ ಪಿಂಚಣಿ ಅವರ ಕೈಗೆ ಬರುವುದಿಲ್ಲ.

ವಿರೋಧ: ಒಮ್ಮೆ ಕೊಟ್ಟು ನೋಡಿ ಆಗಿದೆ

1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು. ಅದು ಕೊಟ್ಟು ತೆಗೆದುಕೊಳ್ಳುವ ಒಪ್ಪಂದ. 1982ಕ್ಕೆ ಮೊದಲಿಂದ ಇದ್ದವರಿಗೆ ಮತ್ತು ಹೊಲದ ಕೂಲಿಗಳಿಗೆ ಮಾನ್ಯತೆ. ಬದಲಿಗೆ, ಇನ್ನು ಮುಂದೆ ದಾಖಲೆಯಿಲ್ಲದವರಿಗೆ ಕೆಲಸ ಕೊಡುವ ಮಾಲೀಕರಿಗೆ ದಂಡ. ಮೊದಲರ್ಧ ಚೆನ್ನಾಗಿ ನಡೆಯಿತು. ಸುಮಾರು 27 ಲಕ್ಷ ಜನರಿಗೆ ಗ್ರೀನ್ ಕಾರ್ಡ್ ಸಿಕ್ಕಿತು. ಇನ್ನರ್ಧ ಏನಾಯಿತು? ಮಾಲೀಕ ಕಾಗದ ನೋಡಬೇಕು, ಅದು ಅಸಲಿಯಂತೆ ಕಂಡರೆ ಸಾಕು ಎಂದು ಕಾನೂನು ಬರೆದರು. ಸರಿ, ನಕಲಿ ಕಾರ್ಡುಗಳ ವ್ಯಾಪಾರ ಜೋರಾಯಿತು. 1990ರಲ್ಲಿ ಸುಮಾರು 35 ಲಕ್ಷವಿದ್ದ ದಾಖಲೆಯಿಲ್ಲದವರ ಸಂಖ್ಯೆ 2007ರ ಹೊತ್ತಿಗೆ 1.2 ಕೋಟಿ ದಾಟಿತು. ಇದಕ್ಕೆಲ್ಲ ಆ ಕಾನೂನೊಂದೇ ಕಾರಣ ಎನ್ನುವುದು ಅನ್ಯಾಯವಾದೀತು. ಆದರೆ ತಡೆಯುತ್ತೇವೆ ಎಂದಿದ್ದನ್ನು ಅದು ತಡೆಯಲಿಲ್ಲ, ಅಷ್ಟಂತೂ ನಿಜ.

ರಿಜಿಸ್ಟ್ರಿಯ ತಾರೀಖು ಮುಂದಕ್ಕೆ ಹಾಕಿ ಎನ್ನುವವರು ಈ ಅನುಭವಕ್ಕೆ ಉತ್ತರ ಕೊಡಬೇಕು. ಆಗಾಗ ಸರಿಯುವ ಗಡುವು ಹೊರಗಿರುವವರಿಗೆ ಹೇಳುವುದು ಒಂದೇ: ಹೇಗಾದರೂ ಬಂದು ಸೇರಿಕೊಳ್ಳಿ, ಸದ್ದಿಲ್ಲದೆ ಇರಿ, ನಿಮ್ಮ ಸರದಿಯೂ ಬರುತ್ತದೆ.

ಸರದಿಯ ಮಾತು ಬಂತಲ್ಲ, ಇದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ನೋವು. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಎಚ್-1ಬಿ ವೀಸಾದಲ್ಲಿ ಹೋದ ಭಾರತೀಯರು ಇದರಿಂದ ಹತ್ತಾರು ವರ್ಷ ಕಾಯುತ್ತಾರೆ. ಅವರ ಜೊತೆ ಹೋದ ಮಕ್ಕಳಿಗೆ 21 ತುಂಬಿತೆಂದರೆ ಅಪ್ಪ-ಅಮ್ಮನ ವೀಸಾದ ನೆರಳು ತಪ್ಪುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅಧ್ಯಕ್ಷ ಒಬಾಮ 2012ರಲ್ಲಿ 'ಡಾಕಾ' (DACA) ಎಂಬ ಯೋಜನೆ ತಂದಾಗ, ದಾಖಲೆಯಿಲ್ಲದೆ ಚಿಕ್ಕವರಿದ್ದಾಗ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಈ ಮಕ್ಕಳಿಗೆ ಅದೂ ಇಲ್ಲ. ಯಾಕೆ ಗೊತ್ತಾ? ಆಗ ಅವರ ಬಳಿ ಸರಿಯಾದ ವೀಸಾ ಇತ್ತು! ಮಾನ್ಯತೆ ಕೊಟ್ಟರೆ ಸಾಲಿನಲ್ಲಿರುವವರ ಪಾಲು ಕಡಿಮೆಯಾಗುವುದಿಲ್ಲ ಎಂದು ವಾದಿಸಬಹುದು. ಲೆಕ್ಕದಲ್ಲಿ ಅದು ಸರಿ ಇರಬಹುದು. ನಿಯಮ ಪಾಲಿಸಿದವನ ಮಗಳು ವಿಮಾನ ಹತ್ತುವ ದಿನ ಆ ಲೆಕ್ಕವನ್ನು ಅವಳಿಗೆ ಹೇಗೆ ಹೇಳುತ್ತೀರಿ?

ಕೂಲಿಯ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಭಯದಲ್ಲಿರುವವನನ್ನು ಮಾಲೀಕ ಹಿಂಡುತ್ತಾನೆ, ಸುಳ್ಳಲ್ಲ. ಆದರೆ 1970ರ ದಶಕದಲ್ಲಿ ದಾಖಲೆಯಿಲ್ಲದವರನ್ನು ತಂದು ಮುಷ್ಕರ ಮುರಿಯುತ್ತಿದ್ದಾಗ, ಅಲ್ಲಿನ ಕಾರ್ಮಿಕ ನಾಯಕ ಸೀಸರ್ ಚಾವೆಜ್ ಅವರ ಕೃಷಿ ಕಾರ್ಮಿಕರ ಯೂನಿಯನ್ನೇ ವಲಸೆ ಇಲಾಖೆಗೆ ದೂರು ಕೊಟ್ಟಿತ್ತು. ಒಂದು ಗುಂಪಿಗೆ ಕಾಗದ ಸಿಕ್ಕರೆ, ಮಾಲೀಕ ಕಾಗದವಿಲ್ಲದ ಮುಂದಿನ ಗುಂಪನ್ನು ಹುಡುಕುತ್ತಾನೆ. ಮೊದಲು ಅವನ ಕೈ ಕಟ್ಟಬೇಕು. ಕೆಲಸಕ್ಕೆ ಸೇರಿಸುವಾಗ ದಾಖಲೆಯನ್ನು ಸರ್ಕಾರದ ಮಾಹಿತಿಯೊಂದಿಗೆ ತಾಳೆ ನೋಡುವ 'ಇ-ವೆರಿಫೈ' ಇದ್ದೇ ಇದೆ. ಕೆಲವು ರಾಜ್ಯಗಳು ಕಡ್ಡಾಯ ಮಾಡಿವೆ. ದೇಶದ ಎಲ್ಲ ಖಾಸಗಿ ಮಾಲೀಕರಿಗೂ ಅದು ಕಡ್ಡಾಯವಲ್ಲ. ಅಗ್ಗದ ಕೂಲಿಯ ರುಚಿ ಕಂಡವರು ಅದಕ್ಕೆ ಸುಲಭವಾಗಿ ಒಪ್ಪುವವರೂ ಅಲ್ಲ.

ಚಿಕ್ಕಂದಿನಲ್ಲಿ ತಂದೆ-ತಾಯಿಯ ಕೈ ಹಿಡಿದು ಬಂದವರ ವಿಷಯ ಬೇರೆ. ಅವರು ಏನನ್ನೂ ಆರಿಸಿಕೊಂಡವರಲ್ಲ. ಅವರಿಗೂ, ಸಾಲಿನಲ್ಲಿ ನಿಂತವರ ಮಕ್ಕಳಿಗೂ ಒಟ್ಟಿಗೆ ದಾರಿ ಮಾಡಿಕೊಡಲಿ, ನನ್ನ ತಕರಾರಿಲ್ಲ. ಉಳಿದವರ ಪ್ರಶ್ನೆಯನ್ನು ತಪಾಸಣೆ ಕಡ್ಡಾಯವಾಗಿ, ಅದು ಕೆಲವು ವರ್ಷ ನಿಜಕ್ಕೂ ನಡೆದ ಮೇಲೆ ಎತ್ತಿಕೊಳ್ಳಬೇಕು.